ನಲವತ್ತೈದರ ಗೆರೆ: ಬೆನ್ನು ಬಿಗಿಯುವ ಬೇನೆಯ ಚರಿತ್ರೆ

ಬೆನ್ನುನೋವನ್ನೇ ಕಾಣದ ಮುಂಬಯಿ ಕನ್ನಡಿಗರು ಎಷ್ಟು ಮಂದಿ ಇದ್ದಾರು? ಡೊಂಬಿವಲಿಯಿಂದ ವಿ.ಟಿ.ಗೆ ಇಪ್ಪತ್ತೈದು ವರ್ಷ ನಿಂತೇ ಹೋಗಿ ಬಂದ ಗುಮಾಸ್ತರು, ಮಾಟುಂಗದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಯೌವನ ಕಳೆದವರು, ಚಾಳಿನ ಮೂರನೆಯ ಮಾಳಿಗೆಗೆ ಕೊಡ ಕೊಡ ನೀರು ಹೊತ್ತ ತಾಯಂದಿರು, ಇವರೆಲ್ಲರಿಗೂ ಬೆನ್ನು ಏಕೆ ನೋಯುತ್ತದೆ ಎಂಬುದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. ಐವತ್ತು ದಾಟಿದವರು ನೋವೆಂದರೆ ಉತ್ತರ ಇನ್ನೂ ಸುಲಭ. ಮನೆಯವರೂ ಹೇಳುತ್ತಾರೆ, ಔಷಧಿ ಅಂಗಡಿಯವನೂ ಹೇಳುತ್ತಾನೆ, ಎಷ್ಟೋ ಸಲ ವೈದ್ಯರೂ ಹೇಳುತ್ತಾರೆ: ವಯಸ್ಸಾಯಿತಲ್ಲ!

ಆದರೆ ಬೆನ್ನುನೋವಿನಲ್ಲಿ ಎರಡು ಜಾತಿಗಳುಂಟು. ಮೊದಲನೆಯದು ದುಡಿದಾಗ ಹೆಚ್ಚಿ, ಮಲಗಿದಾಗ ಇಳಿಯುವಂಥದು. ನಮ್ಮಲ್ಲಿ ಹೆಚ್ಚಿನವರದು ಇದೇ. ಎರಡನೆಯದರ ನಡತೆ ಇದಕ್ಕೆ ತೀರ ವಿರುದ್ಧ. ಅದು ವಿಶ್ರಾಂತಿಯಿಂದ ಬೆಳೆಯುತ್ತದೆ; ರಾತ್ರಿ ಮೂರು ನಾಲ್ಕು ಗಂಟೆಗೆ ಎಬ್ಬಿಸುತ್ತದೆ; ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆ ಸೊಂಟವನ್ನು ಮರದ ಕೊರಡಿನಂತೆ ಮಾಡಿಟ್ಟು, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲ ಬಿಡುತ್ತದೆ. ಇದು ಸವೆತದ ನೋವಲ್ಲ, ಉರಿಯೂತದ ನೋವು. ಬೆನ್ನುಮೂಳೆಯ ಬುಡವೂ ಟೊಂಕದ ಮೂಳೆಯೂ ಕೂಡುವ ಕೀಲಿನಲ್ಲಿ ಸಾಮಾನ್ಯವಾಗಿ ಆರಂಭವಾಗಿ ಮೇಲಕ್ಕೆ ಹತ್ತುತ್ತ, ಹಲವರಲ್ಲಿ ವರ್ಷಗಳು ಕಳೆದಂತೆ ಕಶೇರುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ವೈದ್ಯರು ಇದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತಾರೆ. ಇದೂ ಇದರ ದಾಯಾದಿ ಬೇನೆಗಳೂ ಸೇರಿದ ಕುಟುಂಬಕ್ಕೆ ಸ್ಪಾಂಡಿಲೋ-ಆರ್ಥ್ರೈಟಿಸ್ ಎಂದು ಹೆಸರು.

ಇದು ತರುಣರ ಬೇನೆ ಎಂಬುದು ಪುಸ್ತಕದ ಮಾತು. ಮಾತು ಸುಳ್ಳಲ್ಲ. ನೂರರಲ್ಲಿ ಸುಮಾರು ಎಂಬತ್ತು ರೋಗಿಗಳಿಗೆ ಮೂವತ್ತು ತುಂಬುವ ಮೊದಲೇ ಇದು ತೊಡಗುತ್ತದೆ. ನಲವತ್ತೈದರ ನಂತರ ತೊಡಗುವುದು ನೂರಕ್ಕೆ ಐದಕ್ಕಿಂತಲೂ ಕಡಿಮೆ ಎಂಬುದು ಸಾಮಾನ್ಯವಾಗಿ ಉಲ್ಲೇಖಿಸುವ ಲೆಕ್ಕ. ಆ ಐದರೊಳಗಿನವರ ಗತಿ ಏನಾಯಿತು, ಅವರು ಪುಸ್ತಕದಿಂದ ಹೊರಗೆ ಹೇಗೆ ಉಳಿದರು ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇವೆ. ನಾವು ವೈದ್ಯರಲ್ಲ. ಆದರೆ ಒಂದು ಬೇನೆಗೆ ಹೆಸರು ಹೇಗೆ ಬಂತು, ಅದರ ಸುತ್ತ ಬೇಲಿ ಹೇಗೆ ಎದ್ದಿತು ಎಂಬುದು ಚರಿತ್ರೆಯ ವಿಷಯ. ಅದನ್ನು ಓದಲು ಸ್ಟೆತಾಸ್ಕೋಪು ಬೇಕಿಲ್ಲ.

ನಮ್ಮ ಹಿರಿಯರು ಇದನ್ನೆಲ್ಲ ವಾಯು, ವಾತ ಎಂಬ ಒಂದೇ ಚೀಲಕ್ಕೆ ತುಂಬುತ್ತಿದ್ದರು. ಹಾಗೆಂದು ಪ್ರಾಚೀನ ವೈದ್ಯರು ಕಣ್ಣು ಮುಚ್ಚಿದ್ದರೆಂದು ತಿಳಿಯಬಾರದು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ದೋಷವು ಬೆನ್ನಿನ ಬುಡದ ತ್ರಿಕಸಂಧಿಯನ್ನು ಹೊಕ್ಕು ಮೈಯನ್ನು ಸ್ತಬ್ಧಗೊಳಿಸುತ್ತದೆ ಎಂದು ಅಲ್ಲಿ ಹೇಳಿದೆ. ಅದೇ ಇದು ಎಂದು ಸಾಧಿಸಲು ನಾವು ಹೋಗುವುದಿಲ್ಲ. ಹಳೆಯ ಶ್ಲೋಕಕ್ಕೆ ಹೊಸ ರೋಗದ ಹೆಸರು ಅಂಟಿಸುವ ಚಟ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ.

ಪಾಶ್ಚಾತ್ಯರಲ್ಲಿ ಇದರ ಮೊದಲ ಸ್ಪಷ್ಟ ವರ್ಣನೆ ಬಂದದ್ದು ರೋಗಿಯಿಂದಲ್ಲ, ಎಲುಬಿನಿಂದ. 1690ರ ದಶಕದಲ್ಲಿ ಫ್ರಾನ್ಸಿನಲ್ಲಿ ವ್ಯಾಸಂಗ ಮಾಡುತ್ತಿದ್ದ ಬರ್ನಾರ್ಡ್ ಕಾನರ್ ಎಂಬ ಐರಿಷ್ ವೈದ್ಯನಿಗೆ ಒಂದು ವಿಚಿತ್ರ ಅಸ್ಥಿಪಂಜರ ಸಿಕ್ಕಿತು. ಟೊಂಕದ ಮೂಳೆ, ಕೆಳಗಿನ ಹದಿನೈದು ಕಶೇರುಗಳು, ಅವಕ್ಕೆ ಸೇರಿದ ಕೆಲವು ಪಕ್ಕೆಲುಬುಗಳು ಎಲ್ಲವೂ ಕೂಡಿ ಒಂದೇ ಎಲುಬಾಗಿದ್ದವು. ಈ ಮನುಷ್ಯ ಬದುಕಿದ್ದಾಗ ಬಾಗಲಾರ, ಹೊರಳಲಾರ, ಉಸಿರನ್ನೂ ಪೂರ್ತಿ ಎಳೆದುಕೊಳ್ಳಲಾರ ಎಂದು ಕಾನರ್ ಸರಿಯಾಗಿಯೇ ಊಹಿಸಿದ. ಆ ಎಲುಬಿನ ಒಡೆಯನಿಗೆ ಬೇನೆ ಯಾವ ವಯಸ್ಸಿನಲ್ಲಿ ತೊಡಗಿತೋ, ಎಲುಬು ಹೇಳುವುದಿಲ್ಲ.

ಮುಂದಿನ ಇನ್ನೂರು ವರ್ಷಗಳನ್ನು ಬೇಗನೆ ದಾಟಬಹುದು. 1893ರಲ್ಲಿ ರಷ್ಯದ ಬೆಖ್ತೆರೆವ್, 1897ರಲ್ಲಿ ಜರ್ಮನಿಯ ಸ್ಟ್ರುಂಪೆಲ್, 1898ರಲ್ಲಿ ಫ್ರಾನ್ಸಿನ ಪಿಯರ್ ಮಾರಿ, ಮೂವರೂ ಹತ್ತಿರ ಹತ್ತಿರದಲ್ಲೇ ಈ ಬೇನೆಯನ್ನು ವರ್ಣಿಸಿದರು. ಇದರ ನಡುವೆ 1895ರಲ್ಲಿ ರೋಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದರಿಂದ, ಬದುಕಿರುವವರ ಬೆನ್ನೆಲುಬನ್ನೂ ನೋಡುವ ದಾರಿ ತೆರೆಯಿತು. ಬೆಸೆದ ಬೆನ್ನು ಚಿತ್ರದಲ್ಲಿ ಗಿಣ್ಣು ಗಿಣ್ಣಾದ ಬಿದಿರಿನ ಗಳುವಿನಂತೆ ಕಾಣುತ್ತದೆ. ಬಿದಿರು ಬೆನ್ನು ಎಂಬ ಹೆಸರು ಬಂದದ್ದು ಹಾಗೆ.

ತರುಣರ ಬೇನೆ ಎಂಬ ಚಿತ್ರ ಗಟ್ಟಿಯಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೈನ್ಯದ ಆಸ್ಪತ್ರೆಗಳಿಗೆ ಬೆನ್ನುನೋವಿನ ಯುವಕರು ಸಾಲುಸಾಲಾಗಿ ಬಂದರು. 1945ರಲ್ಲಿ ಅಮೆರಿಕದ ಇಬ್ಬರು ಸೇನಾ ವೈದ್ಯರು ನೂರು ರೋಗಿಗಳ ವರದಿಯನ್ನೇ ಪ್ರಕಟಿಸಿದರು. ಅಂಥ ವರದಿಗಳಿಂದ ಬಹುಕಾಲ ಪಾಠ ನಡೆಯಿತು. ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕೆಂದು ನಮ್ಮ ಕೋರಿಕೆ. ಸೈನ್ಯದಲ್ಲಿ ಇರುವವರು ಯಾರು? ಇಪ್ಪತ್ತರಿಂದ ಮೂವತ್ತೈದರ ಗಂಡಸರು. ಆ ಕೆರೆಯಲ್ಲಿ ಬಲೆ ಬೀಸಿದರೆ ಅದೇ ಮೀನು ತಾನೆ ಸಿಗುವುದು? ಹತ್ತು ಗಂಡಸರಿಗೆ ಒಬ್ಬ ಹೆಂಗಸು ಎಂಬ ಲೆಕ್ಕ ಪುಸ್ತಕಗಳಲ್ಲಿ ದಶಕಗಳ ಕಾಲ ಕುಳಿತಿತ್ತು. ಹೆಂಗಸರಲ್ಲೂ ಇದು ಹಿಂದೆ ತಿಳಿದಿದ್ದಕ್ಕಿಂತ ಎಷ್ಟೋ ಹೆಚ್ಚು ಎಂಬುದು ಗೊತ್ತಾದದ್ದು ನಿಧಾನವಾಗಿ. ವಯಸ್ಸಾದವರ ಸರದಿ ಅದಕ್ಕಿಂತಲೂ ತಡವಾಗಿ ಬಂತು.

ಚಿಕಿತ್ಸೆಯ ಚರಿತ್ರೆಯಂತೂ ಒಂದು ಕರುಣಕಥೆ. ಬ್ರಿಟನ್ನಿನಲ್ಲಿ 1935ರಿಂದ 1954ರ ವರೆಗೆ ಸುಮಾರು ಹದಿನಾಲ್ಕು ಸಾವಿರ ರೋಗಿಗಳ ಬೆನ್ನಿಗೆ ಕ್ಷ-ಕಿರಣ ಹಾಯಿಸಿದರು. ನೋವು ಇಳಿಯಿತು, ಎಲ್ಲರಿಗೂ ಸಂತೋಷ. 1957ರಲ್ಲಿ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಎಂಬ ಇಬ್ಬರು ಆ ರೋಗಿಗಳ ದಾಖಲೆಗಳನ್ನು ಒಂದೊಂದಾಗಿ ತೆರೆದು ಲೆಕ್ಕ ಹಾಕಿ ನೋಡಿದಾಗ, ಅವರಲ್ಲಿ ರಕ್ತದ ಕ್ಯಾನ್ಸರ್ ಅತಿಯಾಗಿ ಕಂಡುಬಂದಿತು. ವಿಕಿರಣದಿಂದ ಕ್ಯಾನ್ಸರ್ ಎಷ್ಟು ಹೆಚ್ಚುತ್ತದೆ ಎಂಬುದರ ಬಗ್ಗೆ ಲೋಕಕ್ಕಿರುವ ತಿಳಿವಳಿಕೆಯಲ್ಲಿ ಒಂದು ದೊಡ್ಡ ಪಾಲು ಈ ಬೆನ್ನುನೋವಿನವರು ತೆತ್ತದ್ದು. 1949ರಲ್ಲಿ ಬಂದ ಫಿನೈಲ್‌ಬ್ಯುಟಜೋನ್ ಗುಳಿಗೆಯೂ ನೋವಿಗೆ ರಾಮಬಾಣವೆನಿಸಿತು. ಕೆಲವರಲ್ಲಿ ರಕ್ತ ಹುಟ್ಟುವ ಮಜ್ಜೆಯನ್ನೇ ಒಣಗಿಸಿತು.

ಇನ್ನು ನಮ್ಮ ಊರಿಗೆ ಬರೋಣ. ಈ ಬೇನೆಗೂ ರಕ್ತದ ಗುಂಪಿಗೂ ಒಂದು ಬಗೆಯ ನಂಟಿದೆ. ರಕ್ತದ ಗುಂಪಿನ ಮಾತು ಬಂದರೆ ಮುಂಬಯಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪರೇಲಿನ ಗಿರಣಿಗಳ ನಡುವೆ 1926ರಲ್ಲಿ ಕೆ.ಇ.ಎಂ. ಆಸ್ಪತ್ರೆಯೂ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜೂ ತೆರೆದವು. ಸೇಠ್ ಗೋರ್ಧನದಾಸ್ ಸುಂದರದಾಸರ ಆಸ್ತಿಯಿಂದ ಬಂದ ದಾನಕ್ಕೆ, ಕಾಲೇಜಿನ ಅಧ್ಯಾಪಕರು ಭಾರತೀಯರೇ ಆಗಿರಬೇಕೆಂಬ ಷರತ್ತಿತ್ತು. ಆ ಆವರಣದಲ್ಲೇ 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಎ, ಬಿ, ಓ ಯಾವುದಕ್ಕೂ ಹೊಂದದ ಅಪೂರ್ವ ರಕ್ತವನ್ನು ಗುರುತಿಸಿದರು. ಅದು ಇಂದಿಗೂ ಜಗತ್ತಿನಾದ್ಯಂತ ಬಾಂಬೆ ಗುಂಪು ಎಂದೇ ಪ್ರಸಿದ್ಧ. ಊರಿನ ಹೆಸರು ಬದಲಾದರೂ ರಕ್ತದ ಹೆಸರು ಬದಲಾಗಲಿಲ್ಲ! 1957ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಲ್ಲಿ ರಕ್ತಗುಂಪಿನ ಉಲ್ಲೇಖ ಕೇಂದ್ರವನ್ನು ಸ್ಥಾಪಿಸಿತು.

ಆ ಗುಂಪುಗಳು ಕೆಂಪು ಕಣಗಳವು. ಬಿಳಿಯ ಕಣಗಳಿಗೂ ಗುಂಪುಗಳಿವೆ, ಅವನ್ನು ಎಚ್.ಎಲ್.ಎ. ಎನ್ನುತ್ತಾರೆ. 1973ರಲ್ಲಿ ಲಂಡನ್ನಿನಲ್ಲಿ ಬ್ರೂವರ್ಟನ್ ಮತ್ತು ಸಂಗಡಿಗರು ಈ ಬೇನೆಯ 75 ಮಂದಿಯನ್ನು ಪರೀಕ್ಷಿಸಿದರೆ 72 ಮಂದಿಯಲ್ಲಿ ಬಿ-27 ಎಂಬ ಗುಂಪು ಕಂಡಿತು. ಹೋಲಿಕೆಗಾಗಿ ತೆಗೆದುಕೊಂಡ ಇತರ 75 ಮಂದಿಯಲ್ಲಿ ಕೇವಲ ಮೂವರಲ್ಲಿ. ಅದೇ ವರ್ಷ ಲಾಸ್ ಏಂಜಲೀಸಿನಿಂದಲೂ ಇದೇ ಸುದ್ದಿ ಬಂತು. ಬೇನೆ ಬೆನ್ನಿನ ದುಡಿಮೆಯಿಂದ ಬಂದದ್ದಲ್ಲ, ವಂಶದ ಬೀಜದಲ್ಲೇ ಅದರ ಒಲವು ಇರುತ್ತದೆ ಎಂಬುದು ಖಚಿತವಾದಂತಾಯಿತು. 1977ರಲ್ಲಿ ಚಂಡೀಗಢದ ವೈದ್ಯರು ಭಾರತೀಯ ರೋಗಿಗಳಲ್ಲಿಯೂ ಈ ನಂಟನ್ನು ತೋರಿಸಿದರು. ಪರೇಲಿನ ಆ ಕೇಂದ್ರ ಮುಂದೆ ದೊಡ್ಡ ಸಂಸ್ಥೆಯಾಗಿ ಬೆಳೆದು, ಎಚ್.ಎಲ್.ಎ. ಸಂಶೋಧನೆಯನ್ನೂ ಕೈಗೊಂಡಿತು. ಆದರೆ ಬಿ-27 ಇದ್ದವರಿಗೆಲ್ಲ ಬೇನೆ ಬರುವುದಿಲ್ಲ. ಹೆಚ್ಚಿನವರು ಆಯುಷ್ಯವಿಡೀ ನೆಟ್ಟಗೆ ನಡೆಯುತ್ತಾರೆ. ಇನ್ನು ತಡವಾಗಿ ಬೇನೆ ತೊಡಗಿದವರಲ್ಲಿ ಈ ಗುರುತು ತರುಣರಷ್ಟು ನಿಯಮಿತವಾಗಿ ಸಿಗುವುದಿಲ್ಲ. ರಕ್ತಪರೀಕ್ಷೆಯ ಕಾಗದದಲ್ಲಿ ಇಲ್ಲ ಎಂದು ಬಂದ ಮಾತ್ರಕ್ಕೆ ಹಿರಿಯರ ಮೊಕದ್ದಮೆ ಮುಗಿಯಿತೆಂದು ತಿಳಿಯಲಾಗದು.

ಗುರುತು ಸಿಕ್ಕಿತು. ಇನ್ನು ರೋಗಿಗಳನ್ನು ಒಂದು ಅಳತೆಗೆ ತರಬೇಕಲ್ಲ? ಲಂಡನ್ನಿನ ರೋಗಿಯೂ ಮುಂಬಯಿಯ ರೋಗಿಯೂ ಒಂದೇ ಬೇನೆಯವರೆಂದು ಖಾತರಿಯಾದರೆ ತಾನೆ ಔಷಧಿಯನ್ನು ತೂಗಿ ನೋಡುವುದು? ಹೀಗೆ ಲಕ್ಷಣಪಟ್ಟಿಗಳು ಬಂದವು. 1977ರಲ್ಲಿ ಕಾಲಿನ್ ಎಂಬ ವೈದ್ಯ ಮತ್ತು ಸಂಗಡಿಗರು ಉರಿಯೂತದ ಬೆನ್ನುನೋವಿಗೆ ಐದು ಚಿಹ್ನೆಗಳನ್ನು ಹೇಳಿದರು: ಮೆಲ್ಲನೆ ತೊಡಗುವುದು, ಮೂರು ತಿಂಗಳು ಮೀರುವುದು, ಬೆಳಗಿನ ಬಿಗಿತ, ವ್ಯಾಯಾಮದಿಂದ ಇಳಿಯುವುದು, ಮತ್ತು ನಲವತ್ತರೊಳಗೆ ಆರಂಭವಾಗುವುದು. 1984ರ ಪಟ್ಟಿಯಲ್ಲಿ ವಯಸ್ಸಿನ ಮಿತಿ ಇರಲಿಲ್ಲ, ಆದರೆ ಕ್ಷ-ಕಿರಣದಲ್ಲಿ ಟೊಂಕದ ಕೀಲು ಕೆಟ್ಟದ್ದು ಕಾಣಲೇಬೇಕಿತ್ತು. ಅರವತ್ತರ ಟೊಂಕದ ಚಿತ್ರದಲ್ಲಿ ಸವೆತ ಯಾವುದು, ಉರಿಯೂತ ಯಾವುದು ಎಂದು ಬಿಡಿಸುವುದು ನುರಿತವರಿಗೂ ತೊಡಕು. 2009ರ ಅಂತರರಾಷ್ಟ್ರೀಯ ಪಟ್ಟಿ ಎಂ.ಆರ್.ಐ.ಯನ್ನು ಒಪ್ಪಿಕೊಂಡು ಬಾಗಿಲನ್ನು ಬಹಳ ಅಗಲ ಮಾಡಿತು; ಆದರೆ ಹೊಸ್ತಿಲಿನಲ್ಲೇ ಒಂದು ಗೆರೆ ಎಳೆಯಿತು. ಮೂರು ತಿಂಗಳಿಗೂ ಮೀರಿದ ಬೆನ್ನುನೋವು, ನಲವತ್ತೈದು ತುಂಬುವ ಮೊದಲು ತೊಡಗಿರಬೇಕು.

ಗೆರೆ ಎಳೆದವರನ್ನು ಬಯ್ಯಲು ನಮಗೆ ಮನಸ್ಸಿಲ್ಲ. ನಲವತ್ತೈದರ ಮೇಲೆ ಬೆನ್ನುನೋವಿಗೆ ಸವೆತ, ಮುರಿತ, ಕ್ಯಾನ್ಸರ್, ಹೀಗೆ ನೂರು ಕಾರಣ. ಸಂಶೋಧನೆಗೆ ಶುದ್ಧವಾದ ಗುಂಪು ಬೇಕು. ಅವರು ಇದು ವರ್ಗೀಕರಣದ ಪಟ್ಟಿ, ರೋಗನಿರ್ಣಯದ ಪಟ್ಟಿಯಲ್ಲ ಎಂದು ಎಚ್ಚರಿಸಿಯೂ ಇದ್ದರು. ಆದರೆ ಸಂಶೋಧಕರ ಬೇಲಿ ದವಾಖಾನೆಗೆ ಬರುವ ಹೊತ್ತಿಗೆ ಗೋಡೆಯಾಗುವುದು ಹೊಸತಲ್ಲ. ಔಷಧಿಯ ಪರೀಕ್ಷೆಗೆ ರೋಗಿಗಳನ್ನು ಆರಿಸುವುದು ಪಟ್ಟಿ ನೋಡಿ, ವಿದ್ಯಾರ್ಥಿ ಉರು ಹೊಡೆಯುವುದು ಅದೇ ಪಟ್ಟಿಯನ್ನು. ನಮ್ಮ ಬಳಗದ ಹಿರಿಯರೊಬ್ಬರು ಬ್ಯಾಂಕಿನಿಂದ ನಿವೃತ್ತರಾಗುವ ಮೊದಲಿನ ವರ್ಷ ಬೆಳಗಿನ ಬಿಗಿತ ತೊಡಗಿ, ನಾಲ್ಕು ವರ್ಷ ಒಂದು ದವಾಖಾನೆಯಿಂದ ಇನ್ನೊಂದಕ್ಕೆ ಅಲೆದರು. ಎಲ್ಲೆಡೆಯೂ ವಯಸ್ಸು, ಕ್ಯಾಲ್ಸಿಯಂ, ಸೊಂಟಪಟ್ಟಿ. ಅವರ ಕಣ್ಣು ಕೆಂಪಾಗಿ ದೃಷ್ಟಿ ಮಬ್ಬಾದಾಗ ಕಣ್ಣಿನ ವೈದ್ಯರೊಬ್ಬರು, ನಿಮಗೆ ಬೆನ್ನು ನೋಯುತ್ತದೆಯೆ ಎಂದು ಕೇಳಿದರಂತೆ. ಈ ಬೇನೆ ಕಣ್ಣಿನ ಒಳಪದರಕ್ಕೂ ಉರಿಯೂತ ತರುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ತಡವಾಗಿ ತೊಡಗುವ ಬೇನೆಗೆ ತನ್ನದೇ ಒಂದು ಮುಖವಿದೆ ಎಂದು ಮೊದಲು ಎತ್ತಿ ಹೇಳಿದವರಲ್ಲಿ ಫ್ರಾನ್ಸಿನ ದ್ಯುಬೋ ಮತ್ತು ಸೊವೆಸಿ ಮುಖ್ಯರು. 1989ರಲ್ಲಿ ಅವರು ಐವತ್ತು ದಾಟಿದ ಹತ್ತು ಮಂದಿಯನ್ನು ವರ್ಣಿಸಿದರು. ಕೆಲವೇ ಕೀಲುಗಳ ಊತ, ಒತ್ತಿದರೆ ಗುಳಿ ಬೀಳುವ ಪಾದದ ಬಾವು, ಮೈ ಇಳಿದು ಹೋಗುವ ಸುಸ್ತು. ಬೆನ್ನಿನ ದೂರು ಹಿನ್ನೆಲೆಯಲ್ಲಿ. ಪಾದ ಊದಿದ ಹಿರಿಯರನ್ನು ನಾವು ಯಾರ ಬಳಿ ಕರೆದೊಯ್ಯುತ್ತೇವೆ? ಹೃದಯದವರ ಬಳಿ, ಮೂತ್ರಪಿಂಡದವರ ಬಳಿ. ಮುಂದಿನ ವರದಿಗಳಲ್ಲಿ ಹಿರಿಯ ರೋಗಿಗಳಿಗೆ ಕುತ್ತಿಗೆ, ಎದೆಗೂಡು, ತೋಳಿನ ಕೀಲುಗಳ ತೊಂದರೆ ತರುಣರಿಗಿಂತ ಹೆಚ್ಚು ಎಂದೂ ಕಂಡಿತು. ಹೀಗಿರುವಾಗ ಬೆನ್ನನ್ನಷ್ಟೇ ಕೇಳುವ ಪಟ್ಟಿಗೆ ಅವರು ಸಿಗದಿದ್ದುದು ಸಹಜವೇ.

ಮತ್ತೊಂದು ತೊಡಕು ಸಹ ಇದೆ. ಮುಪ್ಪಿನಲ್ಲಿ ಬೆಸೆದ ಬೆನ್ನೆಲ್ಲ ಈ ಬೇನೆಯದೇ ಅಲ್ಲ. ಉರಿಯೂತವಿಲ್ಲದೆಯೇ ಕಶೇರುಗಳ ಮುಂಬದಿಯಲ್ಲಿ ಮೇಣ ಸುರಿದಂತೆ ಎಲುಬು ಬೆಳೆಯುವ ಇನ್ನೊಂದು ಸ್ಥಿತಿಯನ್ನು 1950ರಲ್ಲಿ ಫೊರೆಸ್ತಿಯೆ ಮತ್ತು ರೊತೆಸ್-ಕೆರೊಲ್ ಬೇರ್ಪಡಿಸಿ ತೋರಿಸಿದರು. ಈಜಿಪ್ತಿನ ಮಹಾರಾಜ ಎರಡನೆಯ ರಾಮೆಸಿಸನ ಮಮ್ಮಿಯನ್ನು ಕ್ಷ-ಕಿರಣದಲ್ಲಿ ನೋಡಿದವರು ಅವನಿಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇತ್ತೆಂದು ಬಹುಕಾಲ ಹೇಳುತ್ತಿದ್ದರು. 2004ರಲ್ಲಿ ಆ ಚಿತ್ರಗಳನ್ನು ಮತ್ತೆ ಓದಿದವರು, ಅಲ್ಲ, ಇದು ಫೊರೆಸ್ತಿಯೆ ಹೇಳಿದ ಸ್ಥಿತಿ ಎಂದರು. ಮೂರು ಸಾವಿರ ವರ್ಷ ಕಾದ ಚಕ್ರವರ್ತಿಯ ಬೆನ್ನಿಗೇ ಎರಡು ಅಭಿಪ್ರಾಯವಿದ್ದರೆ, ಉಲ್ಹಾಸನಗರದ ಅಜ್ಜಿಯ ಬೆನ್ನಿಗೆ ಒಂದೇ ಭೇಟಿಯಲ್ಲಿ ತೀರ್ಪು ಕೇಳುವುದು ನ್ಯಾಯವಲ್ಲ.

ಹಾಗಾದರೆ ನಮ್ಮ ಸೀಮೆಯಲ್ಲಿ ಕೀಲುನೋವಿನ ಲೆಕ್ಕವನ್ನು ಯಾರಾದರೂ ಮನೆಮನೆಗೆ ಹೋಗಿ ಇಟ್ಟಿದ್ದಾರೆಯೆ? ಇಟ್ಟಿದ್ದಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರ್ಗಿ, ರಾಯಚೂರಿನ ಕಡೆ ಊರಿಗೆ ಹೋಗುವವರು ದೌಂಡ್ ದಾಟಿದ ಮೇಲೆ ಭಿಗವಣ ಎಂಬ ಸ್ಟೇಷನ್ನನ್ನು ಕಿಟಕಿಯಿಂದ ಕಂಡಿರಬಹುದು. 1996ರಲ್ಲಿ ಪುಣೆಯ ಡಾ. ಅರವಿಂದ ಛೋಪ್ರಾ ಮತ್ತು ಅವರ ಬಳಗ ಆ ಹಳ್ಳಿಯನ್ನು ಆರಿಸಿಕೊಂಡು, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಕ್ರಮದಲ್ಲಿ ಸುಮಾರು ನಾಲ್ಕು ಸಾವಿರ ವಯಸ್ಕರನ್ನು ವಿಚಾರಿಸಿತು. ನೂರಕ್ಕೆ ಹದಿನೆಂಟು ಮಂದಿ ಕೀಲು, ಸ್ನಾಯು, ಬೆನ್ನಿನ ನೋವಿನವರು. ಅವರಲ್ಲಿ ಉರಿಯೂತದ ಬೇನೆಯವರು ಸ್ವಲ್ಪವೇ. ಬಹುಪಾಲು ದುಡಿಮೆಯ, ಸವೆತದ ನೋವು. ನಮಗೆ ಈ ಲೆಕ್ಕ ಮುಖ್ಯವೆನಿಸುವುದು ಎರಡೂ ಕಾರಣಕ್ಕೆ. ನೋಯುವ ಬೆನ್ನನ್ನೆಲ್ಲ ಕಂಡು ಹೆದರಬೇಕಿಲ್ಲ. ಆದರೆ ಅಷ್ಟು ದೊಡ್ಡ ರಾಶಿಯಲ್ಲಿ ಆ ಕೆಲವು ಕಾಳುಗಳು ಕಳೆದುಹೋಗುವುದು ಎಷ್ಟು ಸುಲಭ!

ಈಗ ಮುಂಬಯಿಗೇ ವಿಶೇಷವಾದ ಕಷ್ಟಕ್ಕೆ ಬರೋಣ: ಕ್ಷಯ. ಬೆನ್ನೆಲುಬಿನ ಗೂನನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದ್ದು, ಅದು ಎಲುಬಿನ ಕ್ಷಯವೆಂದು ಮುಂದೆ ಗೊತ್ತಾಯಿತು. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗಿದ ಈ ನಗರಕ್ಕೆ ಕ್ಷಯ ಹಳೆಯ ಬಾಡಿಗೆದಾರ; ಶಿವಡಿಯಲ್ಲಿ ಅದಕ್ಕೆಂದೇ ದೊಡ್ಡ ಆಸ್ಪತ್ರೆಯಿದೆ. 2012ರ ಆರಂಭದಲ್ಲಿ ಮಾಹೀಮಿನ ಹಿಂದುಜಾ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ಕ್ಷಯವನ್ನು ವರದಿ ಮಾಡಿದಾಗ ಪತ್ರಿಕೆಗಳಲ್ಲಿ ಎದ್ದ ಗದ್ದಲ ವಾಚಕರಿಗೆ ನೆನಪಿರಬಹುದು. ಆದ್ದರಿಂದ ಹಿರಿಯರೊಬ್ಬರು ರಾತ್ರಿಯ ಬೆನ್ನುನೋವು, ಸಣ್ಣ ಜ್ವರ, ತೂಕದ ಇಳಿತ ಎಂದು ಬಂದರೆ, ಇಲ್ಲಿನ ವೈದ್ಯರು ಮೊದಲು ಕ್ಷಯವನ್ನೂ ಕ್ಯಾನ್ಸರನ್ನೂ ಹುಡುಕುತ್ತಾರೆ. ಅದು ಸರಿಯಾದ ಕ್ರಮ. ತಪ್ಪಾಗುವುದು, ಅವೆರಡೂ ಇಲ್ಲವೆಂದು ತಿಳಿದ ಮೇಲೆ ಹುಡುಕಾಟವನ್ನೇ ನಿಲ್ಲಿಸಿದಾಗ.

ಕ್ಷಯ ಇನ್ನೊಂದು ತಿರುವಿನಲ್ಲೂ ಕಾದು ಕುಳಿತಿದೆ. 2000ದ ನಂತರ ಈ ಬೇನೆಗೆ ಹೊಸ ಯುಗ ಬಂತು. ಉರಿಯೂತವನ್ನು ಉಕ್ಕಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನೇ ತಡೆಯುವ ಚುಚ್ಚುಮದ್ದುಗಳು, ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದವು. ಆದರೆ ಟಿ.ಎನ್.ಎಫ್. ನಮ್ಮೊಳಗೆ ನಿದ್ರಿಸುವ ಕ್ಷಯದ ಕ್ರಿಮಿಯನ್ನು ಕಟ್ಟಿಹಾಕುವ ಹಗ್ಗವೂ ಹೌದು. ಔಷಧಿ ಕೊಟ್ಟಾಗ ಹಳೆಯ ಕ್ಷಯ ಎದ್ದ ಪ್ರಸಂಗಗಳು 2001ರಲ್ಲೇ ವರದಿಯಾದವು. ಬಾಲ್ಯದಲ್ಲೋ ಚಾಳಿನಲ್ಲೋ ಕ್ರಿಮಿಯ ಪರಿಚಯವಾಗಿರುವ ನಮ್ಮ ಹಿರಿಯರಿಗೆ ಇದು ಬರಿಯ ಪುಸ್ತಕದ ಎಚ್ಚರಿಕೆಯಲ್ಲ. ಚುಚ್ಚುಮದ್ದಿಗೆ ಮೊದಲು ಎದೆಯ ಚಿತ್ರ, ಚರ್ಮದ ಅಥವಾ ರಕ್ತದ ಪರೀಕ್ಷೆ, ಅಗತ್ಯವಿದ್ದರೆ ಕ್ಷಯದ ಗುಳಿಗೆ, ಇವನ್ನು ವೈದ್ಯರು ಕೇಳಿದರೆ ಖರ್ಚು ಹೆಚ್ಚಿಸುತ್ತಿದ್ದಾರೆಂದು ಗೊಣಗಬಾರದು. ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇವೆ: ಇಂಥ ಒಂದು ಔಷಧಿಯಾದ ಅಡಾಲಿಮುಮಾಬಿನ ಅಗ್ಗದ ಪಡಿಯಚ್ಚನ್ನು ಜಗತ್ತಿನಲ್ಲೇ ಮೊದಲು 2014ರಲ್ಲಿ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಒಂದು ಕಂಪನಿ. ಅಗ್ಗ ಎಂಬುದು ವಿದೇಶಿ ಬೆಲೆಗೆ ಹೋಲಿಸಿದಾಗ ಮಾತ್ರ. ಪಿಂಚಣಿಗೆ ಹೋಲಿಸಿದರೆ ಈಗಲೂ ಭಾರವೇ.

ಹೊಸ ಔಷಧಿಗಳ ಪರೀಕ್ಷೆಯಲ್ಲಿ ಹಿರಿಯರು ಕಡಿಮೆ ಇದ್ದುದರ ಬಡ್ಡಿಯನ್ನು ಈಗ ಕಟ್ಟುತ್ತಿದ್ದೇವೆ. ಟೋಫಾಸಿಟಿನಿಬ್ ಎಂಬ ಗುಳಿಗೆಗೆ 2021ರ ಕೊನೆಯಲ್ಲಿ ಅಮೆರಿಕದಲ್ಲಿ ಈ ಬೆನ್ನಿನ ಬೇನೆಗೂ ಒಪ್ಪಿಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ, 2022ರ ಜನವರಿಯಲ್ಲಿ, ಬೇರೊಂದು ಕೀಲುಬೇನೆಯ ಐವತ್ತು ದಾಟಿದ ರೋಗಿಗಳ ದೊಡ್ಡ ಅಧ್ಯಯನ ಹೊರಬಂತು. ಹೃದಯದ ಅಪಾಯವಿದ್ದ ಆ ಹಿರಿಯರಲ್ಲಿ, ಟಿ.ಎನ್.ಎಫ್. ತಡೆಯುವ ಔಷಧಿ ಪಡೆದವರಿಗಿಂತ ಈ ಗುಳಿಗೆ ನುಂಗಿದವರಲ್ಲಿ ಹೃದಯಾಘಾತವೂ ಕ್ಯಾನ್ಸರೂ ಹೆಚ್ಚಾಗಿ ಕಂಡವು. ಸಾಮಾನ್ಯ ನೋವಿನ ಗುಳಿಗೆಗಳ ಕಥೆಯೂ ಹೀಗೆಯೇ. ಈ ಬೇನೆಗೆ ಅವೇ ಮೊದಲ ಮದ್ದು ಎಂಬುದು ನಿಜ. ಇಪ್ಪತ್ತೈದರವನು ತಿಂಗಳುಗಟ್ಟಲೆ ಅರಗಿಸಿಕೊಂಡಾನು. ರಕ್ತದೊತ್ತಡವೂ ಸಕ್ಕರೆಯೂ ಇರುವ ಅರವತ್ತರವರಿಗೆ ಅದೇ ಗುಳಿಗೆ ಹೊಟ್ಟೆಯಲ್ಲಿ ರಕ್ತ ಸುರಿಸಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಅಭ್ಯಾಸ ನಮ್ಮವರಲ್ಲಿ ಬಹಳ.

ಹೆಸರು ತಿಳಿಯುವುದರಿಂದ ಐವತ್ತೈದರ ಮೇಲೆ ಲಾಭವೇನು ಎಂದು ಕೇಳುವವರಿದ್ದಾರೆ. ಮೊದಲನೆಯದಾಗಿ ವ್ಯಾಯಾಮ. ಬೆನ್ನುನೋವೆಂದರೆ ಮಲಗಿಸಿಬಿಡುವುದು ನಮ್ಮ ಮನೆಗಳ ಪ್ರೀತಿ; ಈ ಬೇನೆಗೆ ಆ ಪ್ರೀತಿಯೇ ಶತ್ರು. ದಿನವೂ ಬೆನ್ನು ಚಾಚುವ, ಎದೆ ತುಂಬ ಉಸಿರೆಳೆಯುವ ಕ್ರಮ ಔಷಧಿಯಷ್ಟೇ ಮುಖ್ಯ. ಎರಡನೆಯದು ಬೀಳುವ ಭಯ. ಬೆಸೆದ ಬೆನ್ನು ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಾಗಿ, ಒಣಗಿದ ಕೋಲಿನಂತೆ ಸಣ್ಣ ಪೆಟ್ಟಿಗೆ ಮುರಿಯುತ್ತದೆ. ದಾದರಿನ ಸೇತುವೆಯ ಮೆಟ್ಟಿಲಿನಲ್ಲಿ ಕಾಲು ಜಾರಿದ್ದು, ಬಚ್ಚಲಲ್ಲಿ ಎಡವಿದ್ದು ಅಷ್ಟೇ ಸಾಕು. ಬಿದ್ದ ಮೇಲೆ ಹೊಸ ನೋವು ಕಾಣಿಸಿದರೆ, ಮೊದಲ ಚಿತ್ರದಲ್ಲಿ ಮುರಿತ ಕಾಣದಿದ್ದರೂ ಸಿ.ಟಿ. ಮಾಡಿಸಿ ನೋಡುವುದು ವಾಡಿಕೆ. ಇಂಥವರ ಕುತ್ತಿಗೆ ಮೊದಲೇ ಮುಂದಕ್ಕೆ ಬಾಗಿ ಬೆಸೆದಿದ್ದರೆ, ಸಹಾಯಕ್ಕೆ ಬಂದವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸ್ಟ್ರೆಚರಿನ ಮೇಲೆ ಒತ್ತಿ ನೇರ ಮಾಡಲು ಹೋಗಿ ಬೆನ್ನುಹುರಿಗೆ ಪೆಟ್ಟು ಮಾಡುವ ಸಂಭವವುಂಟು. ಆದ್ದರಿಂದ ಪಾಸಿನ ಜೊತೆಗೆ ಜೇಬಿನಲ್ಲಿ, ಬೆನ್ನು ಕುತ್ತಿಗೆ ಬೆಸೆದಿದೆ, ಬಲವಂತವಾಗಿ ನೇರ ಮಾಡಬೇಡಿ ಎಂಬ ಚೀಟಿಯನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.